ಹಲವು ತೊಟ್ಟಿಗೆ ಒಂದೇ ನೀರು

ಮನೆಯ ಪಡಸಾಲೆಯಲ್ಲಿ ಮೀನಿನ ತೊಟ್ಟಿ ಇಟ್ಟವರು ಒಂದಕ್ಕೇ ನಿಲ್ಲಿಸುವುದು ಅಪರೂಪ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ತೊಟ್ಟಿಗೊಂದು ಪಂಪು, ತೊಟ್ಟಿಗೊಂದು ಫಿಲ್ಟರ್, ವಾರವಾರವೂ ತೊಳೆಯುವ ಕೆಲಸ ಸೇರಿದಾಗ ಹವ್ಯಾಸವೇ ಹೊರೆಯಾಗುತ್ತದೆ. ಆಗ ಹೊಳೆಯುವ ಉಪಾಯವೇ ಎಲ್ಲ ತೊಟ್ಟಿಗಳ ನೀರನ್ನೂ ಒಂದೇ ಕಡೆ ಶುದ್ಧಮಾಡುವುದು. ಇದು ಇಂದು ನೆನ್ನೆಯದಲ್ಲ. ಇದರ ಬೇರು ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿದೆ.

1850ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್, ಮೀನು, ನೀರುಗಿಡ ಮತ್ತು ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿಟ್ಟರೆ ಅವು ಪರಸ್ಪರ ಬದುಕಿಸಿಕೊಳ್ಳುತ್ತವೆಂದು ತೋರಿಸಿದ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ಈ ಹವ್ಯಾಸವನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಪುಟ್ಟ ತೊಟ್ಟಿಯ ಸಮತೋಲನ ಬಹಳ ನಾಜೂಕು. ಒಂದು ಜೀವಿ ಕಣ್ಣಿಗೆ ಬೀಳದೆ ಸತ್ತರೆ ನೀರು ಕೊಳೆಯುತ್ತಿತ್ತು. ಬಿಸಿಲು ಹೆಚ್ಚಾದರೆ ಪಾಚಿ ಹಬ್ಬುತ್ತಿತ್ತು.

ಇದಕ್ಕೆ ಉತ್ತರ ಕಂಡುಕೊಂಡವನು ವಿಲಿಯಂ ಆಲ್ಫರ್ಡ್ ಲಾಯ್ಡ್. ಲಂಡನ್ನಿನಲ್ಲಿ ಕಡಲಜೀವಿಗಳನ್ನೂ ತೊಟ್ಟಿಗಳನ್ನೂ ಮಾರುವ ಅಂಗಡಿ ನಡೆಸಿದ್ದ ಅವನು, ಮುಂದೆ ಹ್ಯಾಂಬರ್ಗಿನ ಮತ್ಸ್ಯಾಲಯಕ್ಕೂ, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮತ್ಸ್ಯಾಲಯಕ್ಕೂ ರೂಪ ಕೊಟ್ಟ. ಅವನ ಏರ್ಪಾಡು ಸರಳ. ಜನ ನೋಡುವ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಕತ್ತಲೆಯ ಜಲಾಶಯ ನೆಲದಡಿಯಲ್ಲಿ. ಅಲ್ಲಿಂದ ಪಂಪು ನೀರನ್ನು ಮೇಲೆತ್ತುತ್ತಿತ್ತು. ನೀರು ಕೆರೆಯ ಕೋಡಿ ಹರಿದಂತೆ ತೊಟ್ಟಿಗಳನ್ನು ಹಾಯ್ದು ಮತ್ತೆ ಕೆಳಗಿಳಿಯುತ್ತಿತ್ತು. ಕತ್ತಲೆಯಲ್ಲಿ ಪಾಚಿ ಬೆಳೆಯದು. ನೀರು ಅಪಾರವಾದ್ದರಿಂದ ಒಂದು ತೊಟ್ಟಿಯ ಕೊಳೆ ಎಲ್ಲೂ ವಿಷವಾಗುವಷ್ಟು ಸೇರದು. ನೇಪಲ್ಸಿನಲ್ಲಿ ಆಂಟನ್ ಡೋರ್ನ್ ಕಟ್ಟಿದ ಸಾಗರಜೀವಿ ಸಂಶೋಧನಾಲಯದ ಮತ್ಸ್ಯಾಲಯಕ್ಕೂ ಲಾಯ್ಡನ ನೆರವು ದೊರೆಯಿತು.

ಹರಿಯುವ ನೀರಿಗೆ ಸೇರುವ ಗಾಳಿಯೇ ಕೊಳೆಯನ್ನು ಕರಗಿಸುತ್ತದೆಂದು ಲಾಯ್ಡ್ ನಂಬಿದ್ದ. ಅದು ಅರ್ಧ ಸತ್ಯ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಜ್ ಚರಂಡಿ ನೀರನ್ನು ಮರಳಿನ ಮೂಲಕ ಹಾಯಿಸಿದಾಗ ಅದರ ಅಮೋನಿಯ ನೈಟ್ರೇಟ್ ಆಯಿತು. ಕ್ಲೋರೋಫಾರಂ ಆವಿ ತಾಗಿಸಿದೊಡನೆ ಆ ಕ್ರಿಯೆ ನಿಂತಿತು. ಕೆಲಸ ಮಾಡುತ್ತಿದ್ದುದು ಜೀವಾಣುಗಳೆಂಬುದು ಇದರಿಂದ ತಿಳಿಯಿತು. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ಒಂದು ಬಗೆಯ ಜೀವಾಣುಗಳು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಫಿಲ್ಟರಿನ ಸ್ಪಂಜು, ಕಲ್ಲುಚೂರುಗಳೇ ಅವುಗಳ ಮನೆ.

ಈಗ ಮನೆಗಳಲ್ಲಿ ಕೂಡಿಸುವ ವ್ಯವಸ್ಥೆ ಲಾಯ್ಡನದರ ಮರಿ ರೂಪ. ಕೆಳಗೊಂದು ತೊಟ್ಟಿಯಲ್ಲಿ ಫಿಲ್ಟರ್ ಮತ್ತು ಪಂಪು. ಮೇಲಿನ ಪ್ರತಿ ತೊಟ್ಟಿಗೂ ಒಂದು ಕೋಡಿ. ನೀರು ಬದಲಿಸುವುದು ಒಂದೇ ಕಡೆ. ನೀರಿನ ಬಿಸಿಯೂ ಗುಣವೂ ಬೇಗ ಏರುಪೇರಾಗುವುದಿಲ್ಲ. ಆದರೆ ಕರೆಂಟು ಹೋದಾಗ ಮೇಲಿನಿಂದ ಇಳಿದುಬರುವ ನೀರಿಗೆ ಕೆಳಗೆ ಜಾಗವಿರಬೇಕು. ಇಲ್ಲವಾದರೆ ಪಡಸಾಲೆಯೇ ಕೆರೆಯಾದೀತು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನೀರು ಹಂಚಿಕೊಂಡವರು ರೋಗವನ್ನೂ ಹಂಚಿಕೊಳ್ಳುತ್ತಾರೆ. ಒಂದು ಹೊಸ ಮೀನು ತಂದ ಬಿಳಿಚುಕ್ಕೆ ರೋಗ ಕೆಲವೇ ದಿನಗಳಲ್ಲಿ ಎಲ್ಲ ತೊಟ್ಟಿಗಳಿಗೂ ತಲುಪಬಹುದು. ಒಂದು ತೊಟ್ಟಿಗೆ ಹಾಕಿದ ಔಷಧಿ ಎಲ್ಲದಕ್ಕೂ ಹರಿಯುತ್ತದೆ. ಮೀನನ್ನು ಉಳಿಸುವ ತಾಮ್ರದ ಔಷಧಿ ಸಿಗಡಿಯನ್ನು ಕೊಲ್ಲುತ್ತದೆ. ಜೀಬ್ರಾ ಮೀನುಗಳನ್ನು ಸಾಲು ಸಾಲು ತೊಟ್ಟಿಗಳಲ್ಲಿ ಸಾಕುವ ಪ್ರಯೋಗಾಲಯಗಳು ಇದಕ್ಕೆಂದೇ ನೀರನ್ನು ಅತಿನೇರಳೆ ದೀಪದಡಿ ಹಾಯಿಸುತ್ತವೆ. ಆದರೆ ಆ ದೀಪ ಕೊಲ್ಲುವುದು ತನ್ನೆದುರು ಹಾದುಹೋಗುವ ರೋಗಾಣುಗಳನ್ನು ಮಾತ್ರ; ಮೀನಿನ ಮೈಗಂಟಿದ್ದು ಹಾಗೆಯೇ ಉಳಿಯುತ್ತದೆ.

ಆದ್ದರಿಂದ ತೊಟ್ಟಿಗಳನ್ನು ಕೂಡಿಸಲು ಹೊರಟವರು ಮೊದಲು ಮಾಡಬೇಕಾದ್ದು, ಒಂದು ತೊಟ್ಟಿಯನ್ನು ಹೊರಗಿಡುವುದು. ಹೊಸ ಮೀನು ಅಲ್ಲಿ ಕೆಲವು ವಾರ ಪ್ರತ್ಯೇಕವಾಗಿರಬೇಕು. ಅದಕ್ಕೆ ಬಲೆಯೂ ಬೇರೆ, ನೀರೂ ಬೇರೆ. ಎಲ್ಲರಿಗೂ ಒಂದೇ ನೀರು ಎಂಬ ಏರ್ಪಾಡು ಉಳಿದುಬರುವುದು ಆ ಒಂಟಿ ತೊಟ್ಟಿಯಿಂದಲೇ.