ಸ್ವರಲಿಪಿ ತಂತ್ರಾಂಶ: ಬರೆದ ಸ್ವರವನ್ನು ಬೇಕಾದಂತೆ ನುಡಿಸುವ ಬಗೆ

ಪಾಶ್ಚಾತ್ಯ ಸಂಗೀತವನ್ನು ಐದು ಗೆರೆಗಳ ಸ್ವರಲಿಪಿಯಲ್ಲಿ ಬರೆಯಲು ನೆರವಾಗುವ ಗಣಕ ತಂತ್ರಾಂಶಗಳು, ಬರೆದದ್ದನ್ನು ನುಡಿಸಿಯೂ ಕೇಳಿಸುತ್ತವೆ. ಆದರೆ ಹಾಳೆಯ ಮೇಲಿನ ಗುರುತು ವಾದಕನಿಗೆ ಕೊಟ್ಟ ಸೂಚನೆ. ಯಂತ್ರದ ಪಾಲಿಗೆ ಅದು ಕೆಲವು ಅಂಕಿಗಳು ಮಾತ್ರ. ವಾದಕ ತನ್ನ ವಿವೇಚನೆಯಿಂದ ತುಂಬಿಕೊಳ್ಳುವುದನ್ನೆಲ್ಲ ಯಂತ್ರಕ್ಕೆ ಬಿಡಿಸಿ ಹೇಳಬೇಕಾಗುತ್ತದೆ.

ಈ ಅಂಕಿಗಳ ಭಾಷೆಗೆ 1983ರಲ್ಲಿ ಬಳಕೆಗೆ ಬಂದ 'ಮಿಡಿ' ಮಾನದಂಡವೇ ಅಡಿಪಾಯ. ಅದರಲ್ಲಿ ಪಿಯಾನೋದ ನಡುವಿನ 'ಸಿ' ಸ್ವರಕ್ಕೆ 60ನೆಯ ಸಂಖ್ಯೆ. ಮನೆಯನ್ನು ಎಷ್ಟು ರಭಸದಿಂದ ಒತ್ತಲಾಯಿತು ಎಂಬುದನ್ನು 1ರಿಂದ 127ರವರೆಗಿನ ಅಂಕಿಯೊಂದು ಸೂಚಿಸುತ್ತದೆ. ಉಚಿತವಾಗಿ ದೊರೆಯುವ 'ಮ್ಯೂಸ್‌ಸ್ಕೋರ್' ತಂತ್ರಾಂಶದ ಮೂರನೆಯ ಆವೃತ್ತಿಯಲ್ಲಿ, ಮೆಲುದನಿಯ ಸೂಚನೆಯಾದ 'ಪಿ' ಬರೆದರೆ 49, ಗಟ್ಟಿದನಿಯ 'ಎಫ್' ಬರೆದರೆ 96 ಎಂದು ಯಂತ್ರ ಓದಿಕೊಳ್ಳುತ್ತದೆ. ಸ್ವರದ ಮೇಲೆ ಸ್ಟಕಾಟೊ ಚುಕ್ಕೆ ಇಟ್ಟರೆ ಸಾಮಾನ್ಯವಾಗಿ ಅದರ ಅರ್ಧ ಅವಧಿಯಷ್ಟೇ ಕೇಳಿಸುತ್ತದೆ. ಈ ಪೂರ್ವನಿಗದಿತ ಮೌಲ್ಯಗಳು ಹಿಡಿಸದಿದ್ದಾಗ ಗೊಂದಲ ಶುರುವಾಗುತ್ತದೆ.

ಹಲವರು ಆಗ ಸ್ವರಲಿಪಿಯನ್ನೇ ತಿದ್ದಿಬಿಡುತ್ತಾರೆ. ಸ್ವರ ಉದ್ದವಾಯಿತೆಂದು ಅದನ್ನು ತುಂಡರಿಸಿ ಪಕ್ಕದಲ್ಲಿ ವಿರಾಮಚಿಹ್ನೆ ಸೇರಿಸುತ್ತಾರೆ, ಅಲಂಕಾರ ಸರಿಯಾಗಿ ಕೇಳಲಿಲ್ಲವೆಂದು ಅದರ ಸ್ವರಗಳನ್ನೆಲ್ಲ ಬಿಡಿಬಿಡಿಯಾಗಿ ಬರೆಯುತ್ತಾರೆ. ಯಂತ್ರಕ್ಕೆ ತೃಪ್ತಿ, ಆ ಹಾಳೆಯನ್ನು ನೋಡಿ ಪಿಟೀಲು ಹಿಡಿಯುವವನಿಗೆ ತಲೆನೋವು. ಹಾಳೆ ಮನುಷ್ಯನಿಗಾಗಿಯೇ ಇರಬೇಕು, ನುಡಿಕೆಯ ತಿದ್ದುಪಡಿ ತೆರೆಮರೆಯಲ್ಲಿ ನಡೆಯಬೇಕು.

ಇದಕ್ಕೆ ಮ್ಯೂಸ್‌ಸ್ಕೋರ್‌ನಲ್ಲಿ ಎರಡು ಸರಳ ಉಪಾಯಗಳಿವೆ. ಸ್ವರವೊಂದನ್ನು ಆರಿಸಿ, ಅದರ ಗುಣಲಕ್ಷಣಗಳ ಫಲಕದಲ್ಲಿ 'ಪ್ಲೇ' ಎಂಬಲ್ಲಿನ ಗುರುತನ್ನು ತೆಗೆದರೆ ಸ್ವರ ಕಾಣುತ್ತದೆ, ಕೇಳಿಸುವುದಿಲ್ಲ. 'ವಿ' ಕೀಲಿ ಒತ್ತಿದರೆ ತದ್ವಿರುದ್ಧ: ಕೇಳಿಸುತ್ತದೆ, ಮುದ್ರಣದಲ್ಲಿ ಕಾಣುವುದಿಲ್ಲ. ಇವೆರಡನ್ನೂ ಜೋಡಿಸಿದರೆ ಬಹಳಷ್ಟು ಕೆಲಸವಾಗುತ್ತದೆ. ಅಲಂಕಾರದ ಚಿಹ್ನೆಯುಳ್ಳ ಸ್ವರವನ್ನು ಮೂಕವಾಗಿಸಿ, ಅದರ ನಿಜವಾದ ನುಡಿಕೆಯನ್ನು ಅದೇ ಸಾಲಿನ ಎರಡನೆಯ ಧ್ವನಿಯಲ್ಲಿ ಬರೆದು ಅಡಗಿಸಬಹುದು. ವಾದ್ಯವೃಂದದ ಹಾಳೆಗಳಲ್ಲಿ ಪಕ್ಕದ ವಾದ್ಯದ ಸಾಲನ್ನು ನೆನಪಿಗಾಗಿ ಸಣ್ಣದಾಗಿ ಬರೆದಿರುತ್ತಾರಲ್ಲ, ಅದನ್ನಂತೂ ಮೂಕವಾಗಿಸಲೇಬೇಕು. ಇಲ್ಲವಾದರೆ ಒಂದೇ ಸಾಲು ಎರಡು ಬಾರಿ ಮೊಳಗುತ್ತದೆ.

ಗಾಯನವೃಂದಗಳಿಗೆ ಹೆಚ್ಚು ಉಪಯುಕ್ತವಾದುದು ಮಿಕ್ಸರ್. ಉಳಿದ ಧ್ವನಿಗಳನ್ನು ತಗ್ಗಿಸಿ ಆಲ್ಟೊ ಸಾಲನ್ನಷ್ಟೇ ಎತ್ತಿ ಕೇಳಿಸಿದರೆ ಮನೆಯಲ್ಲಿಯೇ ಅಭ್ಯಾಸ ಸಾಧ್ಯ. ಆದರೆ ಯಂತ್ರದ ಕೊಳಲಿಗೆ ಉಸಿರು ಕಟ್ಟುವುದಿಲ್ಲ, ಗಾಯಕಿಗೆ ಕಟ್ಟುತ್ತದೆ. ಕೇಳಲು ಚೆನ್ನಾಗಿದೆ ಎಂದ ಮಾತ್ರಕ್ಕೆ ಹಾಡಲು ಸಾಧ್ಯವೆಂದು ರಚನಕಾರ ಭಾವಿಸಬಾರದು.

ತಂತ್ರಾಂಶ ಬದಲಾದರೆ ಈ ಶ್ರಮವೆಲ್ಲ ಜೊತೆಗೆ ಬಾರದಿರಬಹುದು. 1988ರಿಂದ ಬಳಕೆಯಲ್ಲಿದ್ದ 'ಫಿನಾಲೆ'ಯ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಅದರ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಕಡತಗಳನ್ನು ಮ್ಯೂಸಿಕ್‌ಎಕ್ಸ್‌ಎಮ್‌ಎಲ್ ರೂಪದಲ್ಲಿ ಸಾಗಿಸಬಹುದಾದರೂ, ಆ ರೂಪ ಮುಖ್ಯವಾಗಿ ಬರಹವನ್ನು ಕಾಪಾಡುತ್ತದೆ. ನುಡಿಕೆಯ ಸೂಕ್ಷ್ಮ ತಿದ್ದುಪಡಿಗಳು ಹಲವು ಬಾರಿ ಕಳೆದುಹೋಗುತ್ತವೆ.

ಕರ್ನಾಟಕ ಸಂಗೀತದ ಕೃತಿಗಳನ್ನು ಈ ಲಿಪಿಗೆ ಇಳಿಸುವವರಿಗೆ ಸವಾಲು ಇನ್ನೂ ದೊಡ್ಡದು. ತೋಡಿಯ ಗಾಂಧಾರವನ್ನು ಕನ್ನಡ ಪುಸ್ತಕಗಳಲ್ಲಿ 'ಗ' ಎಂದಷ್ಟೇ ಬರೆದರೂ ಗುರುಮುಖೇನ ಕಲಿತವರು ಅದನ್ನು ಕಂಪಿಸಿಯೇ ಹಾಡುತ್ತಾರೆ. ಯಂತ್ರವಾದರೋ ಅದನ್ನು ನಿಶ್ಚಲವಾಗಿ ನುಡಿಯುತ್ತದೆ. ಮಿಡಿಯಲ್ಲಿ ಸ್ವರವನ್ನು ಬಾಗಿಸುವ ಸೌಲಭ್ಯವಿದೆ: 0ರಿಂದ 16,383ರವರೆಗಿನ ಅಳತೆ, 8,192 ಅದರ ಮಧ್ಯಬಿಂದು. ಆದರೆ ಗಮಕದ ಪ್ರತಿಯೊಂದು ಏರಿಳಿತವನ್ನೂ ಈ ಅಳತೆಯಲ್ಲಿ ಕೈಯಾರೆ ಗುರುತಿಸಬೇಕು, ಮತ್ತು ಅದೇ ಗಾಂಧಾರ ಮುಂದಿನ ಸಂಚಾರದಲ್ಲಿ ಬೇರೆ ರೀತಿಯಲ್ಲಿ ಬಂದಾಗ ಮತ್ತೊಮ್ಮೆ ಗುರುತಿಸಬೇಕು.