ಕಾಲಿಗೆ ಒರಟು, ಮೀನಿಗೆ ನುಣುಪು

ಫೋರ್ಟ್ ಕೊಚ್ಚಿಯ ಚೀನಾ ಬಲೆಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ಪ್ರವಾಸಿ ಇಲ್ಲ. ಆದರೆ ಅಷ್ಟು ದೊಡ್ಡ ಬಲೆ ನೀರಿಗೆ ಇಳಿಯುವುದು ಹೇಗೆ ಎಂದು ಗಮನಿಸುವವರು ಕಡಿಮೆ. ಒಂದು ತುದಿಯಲ್ಲಿ ಬಲೆ, ಇನ್ನೊಂದು ತುದಿಯಲ್ಲಿ ಹಗ್ಗಗಳಿಗೆ ಕಟ್ಟಿ ನೇತುಬಿಟ್ಟ ಕಲ್ಲುಗಳು. ಎರಡೂ ಎಷ್ಟು ಸರಿದೂಗಿರುತ್ತವೆಂದರೆ, ಒಬ್ಬ ಮನುಷ್ಯ ಮುಖ್ಯ ತೊಲೆಯ ಮೇಲೆ ನಡೆದು ಮುಂದಕ್ಕೆ ಹೋದರೆ ಸಾಕು, ಅವನ ಭಾರಕ್ಕೇ ಬಲೆ ಕೆಳಗಿಳಿಯುತ್ತದೆ. ಬರಿಗಾಲು, ಒದ್ದೆ ಮರ, ಕೆಳಗೆ ಅಳಿವೆಯ ಸೆಳೆತ. ಆ ಕಾಲು ಜಾರದಂತೆ ಹಿಡಿದಿರುವುದು ಮಳೆ ಬಿಸಿಲಿಗೆ ನಾರು ಎದ್ದ ಮರದ ಒರಟುತನ. ಆ ಒರಟುತನಕ್ಕೆ ಯಾರೂ ಬೇರೆ ದುಡ್ಡು ಕೊಟ್ಟಿಲ್ಲ, ಮರದ ಜೊತೆಗೇ ಬಂದಿದ್ದು.

ಈ ಕರಾವಳಿಯ ಮೀನು ದೋಣಿಗಳ ಚರಿತ್ರೆಯಲ್ಲಿ ಹಾಗೆ ಪುಕ್ಕಟೆ ಸಿಗುತ್ತಿದ್ದ ಹಿಡಿತ ಯಾವಾಗ ಹೋಯಿತು, ಹೋದ ಮೇಲೆ ಅದನ್ನು ಯಾರು ಕೊಂಡುತರಬೇಕಾಯಿತು ಎಂಬುದು ನನಗೆ ಕುತೂಹಲದ ವಿಷಯ. ಕೇಳಲು ಸಣ್ಣ ಪ್ರಶ್ನೆ. ಮಳೆಗಾಲದಲ್ಲಿ ಬೋಟು ರಿಪೇರಿಗೆ ನಿಲ್ಲಿಸಿದ ಮಾಲೀಕರು ಕೇಳುವ ರೀತಿಯಲ್ಲಿ ಹೇಳುವುದಾದರೆ ಇನ್ನೂ ಸಣ್ಣದು: ಡೆಕ್ಕಿಗೆ ಕಾರ್ಪೆಟ್ ಅಂಟಿಸುವುದೋ, ಮರಳು ಬೆರೆಸಿದ ಬಣ್ಣ ಬಳಿಯುವುದೋ?

ಮೊದಲ ಮಾತು, ಡೆಕ್ ಎಂಬುದೇ ಇಲ್ಲಿ ಇತ್ತೀಚಿನದು. ಕೇರಳದ ಹಳೆಯ ವಳ್ಳಗಳು ಒಂದೇ ಮರವನ್ನು ತೋಡಿ ಮಾಡಿದವು, ಇಲ್ಲವೇ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಮಾಡಿದವು. ಅದರಲ್ಲಿ ಮನುಷ್ಯ ನಿಲ್ಲುವುದು ದೋಣಿಯ ಮೇಲೆ ಅಲ್ಲ, ಒಳಗೆ. ಜಾರಿದರೂ ದೋಣಿಯೊಳಗೇ ಬೀಳುತ್ತಾನೆ. ತಿರುವನಂತಪುರದಿಂದ ಕನ್ಯಾಕುಮಾರಿವರೆಗಿನ ಅಲೆ ಹೆಚ್ಚಿರುವ ತೀರದಲ್ಲಿದ್ದದ್ದು ಕಟ್ಟುಮರ, ಅಂದರೆ ಹಗುರ ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ತೆಪ್ಪ. ಅದರ ಮೇಲೆ ನೀರು ಸದಾ ಹರಿಯುತ್ತಲೇ ಇರುತ್ತದೆ. ಅಲ್ಲಿ ನೀರಿಗೆ ಬೀಳುವುದು ಅಪಘಾತಕ್ಕಿಂತ ಹೆಚ್ಚಾಗಿ ದಿನಚರಿ. ಬಿದ್ದವನು ಮತ್ತೆ ಹತ್ತಿ ಕೂರುತ್ತಾನೆ.

1952ರ ಅಕ್ಟೋಬರ್‌ನಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಮುಂದಿನ ವರ್ಷ ಕೊಲ್ಲಂ ಬಳಿಯ ನೀಂಡಕರ ಮತ್ತು ಶಕ್ತಿಕುಳಂಗರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಯಿತು. ಊರಿನ ದೋಣಿಗಳಿಗೇ ಎಂಜಿನ್ ಕೂರಿಸಿ ನೋಡಿದರು, ಅವು ಹೊಂದಲಿಲ್ಲ. ಹಾಗಾಗಿ 22 ಅಡಿ, 25 ಅಡಿಯ ಹೊಸ ಬೋಟುಗಳನ್ನು ಕಟ್ಟಿದರು. ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸಿಗಡಿ ಅಮೆರಿಕಕ್ಕೆ ಹೊರಟದ್ದೂ 1953ರಲ್ಲೇ. ಸಿಗಡಿಗೆ ಚಿನ್ನದ ಬೆಲೆ ಬಂತು, ಸಿಗಡಿ ಹಿಡಿಯಲು ಟ್ರಾಲ್ ಬಲೆ ಬಂತು, ಟ್ರಾಲ್ ಬಲೆಯನ್ನು ಎಳೆಯಲು ವಿಂಚ್ ಬಂತು, ವಿಂಚ್ ನಿಲ್ಲಿಸಲು ಗಟ್ಟಿ ಡೆಕ್ ಬೇಕಾಯಿತು. 1963ರಲ್ಲಿ ಯೋಜನೆಯೇ ಕೊಚ್ಚಿಗೆ ಸ್ಥಳಾಂತರವಾಯಿತು. ಒಂದು ದಶಕದೊಳಗೆ ಈ ತೀರದ ಮೀನುಗಾರ ದೋಣಿಯ ಒಳಗಿನಿಂದ ದೋಣಿಯ ಮೇಲಕ್ಕೆ ಬಂದು ನಿಂತಿದ್ದ.

ಮೇಲೆ ನಿಲ್ಲುವುದೆಂದರೆ ಏನೆಂದು ಸ್ವಲ್ಪ ಲೆಕ್ಕ ಹಾಕೋಣ (ಎಂಟೆಕ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ). ಬೋಟು ಒಂದು ಪಕ್ಕಕ್ಕೆ 20 ಡಿಗ್ರಿ ವಾಲಿದಾಗ ಕಾಲು ಜಾರದಿರಬೇಕಾದರೆ ಅಂಗಾಲು ಮತ್ತು ನೆಲದ ನಡುವಿನ ಘರ್ಷಣಾಂಕ ಕನಿಷ್ಠ 0.36 ಇರಬೇಕು. ಒಣ ಮರದ ಮೇಲೆ ಇದು ಸುಲಭ. ಆದರೆ ಟ್ರಾಲ್ ಬಲೆಯ ಚೀಲದ ಗಂಟು ಬಿಚ್ಚಿದೊಡನೆ ಡೆಕ್ಕಿನ ಮೇಲೆ ಸುರಿಯುವುದು ಮೀನಷ್ಟೇ ಅಲ್ಲ. ಲೋಳೆ, ಕೆಸರು, ಹುರುಪೆ, ಕರಗಿದ ಐಸು ಎಲ್ಲ ಸೇರಿ ಒಂದು ಪದರ. ಆ ಪದರ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಕಾಲು ನೆಲವನ್ನು ಮುಟ್ಟುವುದೇ ಇಲ್ಲ, ತೇಲುತ್ತದೆ. ಒರಟು ನೆಲದ ಕೆಲಸ ಇದೇ: ಏರುಗಳು ಪದರವನ್ನು ಸೀಳಿ ಕಾಲನ್ನು ಹಿಡಿಯುತ್ತವೆ, ತಗ್ಗುಗಳಲ್ಲಿ ನೀರು ಸರಿದು ಹೋಗುತ್ತದೆ. ಪಕ್ಕದಲ್ಲಿ ತಿರುಗುತ್ತಿರುವ ವಿಂಚ್, ಬಿಗಿದ ಉಕ್ಕಿನ ಹಗ್ಗ ಇರುವಾಗ ಜಾರುವುದು ಕಟ್ಟುಮರದಿಂದ ಜಾರಿದ ಹಾಗಲ್ಲ.

ಮರದ ಡೆಕ್ ಇದ್ದಷ್ಟು ಕಾಲ ಮರ ತಕ್ಕಮಟ್ಟಿಗೆ ಕಾಯುತ್ತಿತ್ತು. ಆದರೆ ಮರ ದುಬಾರಿಯಾಯಿತು. ಕಟ್ಟುಮರದ ದಿಮ್ಮಿಗಳೂ ಸಿಗದ ಹೊತ್ತಿಗೆ, 1980ರ ಸುಮಾರಿನಲ್ಲಿ, ಬೆಲ್ಜಿಯಂನ ಪಿಯರ್ ಜಿಲೆ ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ ಮೀನುಗಾರರ ಜೊತೆ ಕೂತು ಪ್ಲೈವುಡ್ ದೋಣಿಗಳನ್ನು ರೂಪಿಸುತ್ತಿದ್ದರು. ತಿರುವನಂತಪುರದಲ್ಲಿ ನೆಲೆಯಿರುವ ಮೀನುಗಾರರ ಸಹಕಾರ ಒಕ್ಕೂಟ ಸಿಫ್ಸ್ ಅದನ್ನು ಮುಂದಕ್ಕೆ ಒಯ್ದಿತು. ಪ್ಲೈವುಡ್ ಹಲಗೆಗಳನ್ನು ತಂತಿಯಿಂದ ಹೊಲಿದು, ಜೋಡಣೆಗೆ ಫೈಬರ್ ಗ್ಲಾಸ್ ಮತ್ತು ರೆಸಿನ್ ಹಚ್ಚುವ ವಿಧಾನ. ನಾರಿನ ಹುರಿಯಿಂದ ಹೊಲಿಯುತ್ತಿದ್ದ ಊರಿಗೆ ಹೊಲಿಗೆ ಹೊಸದೇನಲ್ಲ, ರೆಸಿನ್ ಹೊಸದು. ದೊಡ್ಡ ಬೋಟುಗಳು ಇತ್ತ ಉಕ್ಕಿಗೆ ತಿರುಗಿದವು. ಮರ ಹಾಳಾಗದಿರಲಿ ಎಂದು ಹಚ್ಚಿದ ಫೈಬರ್ ಆಗಲಿ, ತುಕ್ಕು ಹಿಡಿಯದಿರಲಿ ಎಂದು ಉಕ್ಕಿಗೆ ಬಳಿದ ಎನಾಮಲ್ ಆಗಲಿ, ಒದ್ದೆಯಾದರೆ ಸೋಪು ಹಚ್ಚಿದ ಬಚ್ಚಲಿನ ಕಲ್ಲು.

ಕೊಚ್ಚಿಯಲ್ಲಿ 1957ರಿಂದ ಇರುವ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಮರ ಕೊರೆಯುವ ಹುಳುಗಳ ಬಗ್ಗೆ, ದೋಣಿಯ ತಳಕ್ಕೆ ಹೊದಿಸುವ ಅಲ್ಯೂಮಿನಿಯಂ ಮತ್ತು ಫೈಬರ್ ಬಗ್ಗೆ, ರಬ್ಬರ್ ಮರ, ತೆಂಗಿನ ಮರಗಳನ್ನು ಸಂಸ್ಕರಿಸಿ ದೋಣಿ ಮಾಡುವ ಬಗ್ಗೆ ದಶಕಗಟ್ಟಲೆ ದುಡಿದಿದೆ. ನಾನು ಓದಿದ ಮಟ್ಟಿಗೆ, ಅಷ್ಟೊಂದು ಗಮನ ನೀರಿನ ಗೆರೆಯ ಕೆಳಗೆ ಹೋಯಿತು. ಅದು ಸರಿಯೇ, ತಳ ತೂತಾದರೆ ಎಲ್ಲರೂ ಮುಳುಗುತ್ತಾರೆ. ಡೆಕ್ ಜಾರಿದರೆ ಒಬ್ಬ ಮಾತ್ರ.

ಇನ್ನು ಕಾರ್ಪೆಟ್ಟಿನ ವಿಷಯ. ಬೋಟಿಗೆ ಕಾರ್ಪೆಟ್ ಹಾಸುವ ರೂಢಿ ಬೆಳೆದದ್ದು ಅಮೆರಿಕದ ಸಿಹಿನೀರಿನ ಕೆರೆಗಳಲ್ಲಿ, ಗಾಳದಿಂದ ಒಂದೊಂದೇ ಮೀನು ಹಿಡಿದು ಹಲವೊಮ್ಮೆ ವಾಪಸು ಬಿಡುವ ಹವ್ಯಾಸಿಗಳ ಬೋಟುಗಳಲ್ಲಿ. ಅಲ್ಲಿ ಅದಕ್ಕೆ ಅರ್ಥವಿದೆ: ಸದ್ದು ಅಡಗುತ್ತದೆ, ಬಿಸಿಲಿಗೆ ಕಾದ ನೆಲ ಕಾಲು ಸುಡುವುದಿಲ್ಲ, ಮಂಡಿಗೆ ಮೆತ್ತಗಿರುತ್ತದೆ. ಕೊನೆಯದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಸಿಗಡಿ ಆರಿಸುವವರು ಡೆಕ್ಕಿನ ಮೇಲೆ ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ, ಮಂಡಿಯೂರಿ ಕೂರುತ್ತಾರೆ. ಮರಳಿನ ಬಣ್ಣ ಅವರ ಮಂಡಿ, ಅಂಗೈಗಳನ್ನು ಉಪ್ಪುಕಾಗದದ ಹಾಗೆ ತರಚುತ್ತದೆ.

ಆದರೂ ಇಲ್ಲಿ ಕಾರ್ಪೆಟ್ ನಿಲ್ಲುವುದಿಲ್ಲ. ಅದರ ಪಾಲಿಪ್ರೊಪಿಲೀನ್ ಎಳೆ ನೀರು ಕುಡಿಯುವುದಿಲ್ಲ ಎಂದು ಅಂಗಡಿಯವರು ಹೇಳುವುದು ನಿಜವೇ. ನೀರು ನಿಲ್ಲುವುದು ಎಳೆಗಳ ನಡುವೆ, ಅಂಟಿನ ಕೆಳಗೆ. ಕಡಲ ನೀರಿಗಿಂತ ಮಳೆನೀರು ಅಪಾಯ, ಏಕೆಂದರೆ ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗದು, ಸಿಹಿನೀರು ಬೇಕು. ಕೇರಳದಲ್ಲಿ 1988ರಿಂದ ಮಳೆಗಾಲದ ಟ್ರಾಲಿಂಗ್ ನಿಷೇಧವಿದೆ. ಈಗ ಅದು ಜುಲೈ ಕೊನೆಯವರೆಗೆ 52 ದಿನ. ನಮ್ಮ ಮಲ್ಪೆ, ಮಂಗಳೂರುಗಳಲ್ಲಿ ಜೂನ್ ಮತ್ತು ಜುಲೈ ಪೂರ್ತಿ, 61 ದಿನ. ಅಷ್ಟೂ ದಿನ ಬೋಟು ದಕ್ಕೆಯಲ್ಲಿ ನಿಂತು ನೆನೆಯುತ್ತದೆ. ಮೀನಿಗೆ ವಿಶ್ರಾಂತಿ ಕೊಡುವ ಆ ದಿನಗಳಲ್ಲೇ ಕಾರ್ಪೆಟ್ಟಿನ ಕೆಳಗಿನ ಪ್ಲೈವುಡ್ ಸದ್ದಿಲ್ಲದೆ ಪುಡಿಯಾಗುತ್ತದೆ.

ತೋಪ್ಪುಂಪಡಿಯ ಒಬ್ಬ ಬೋಟ್ ಮಾಲೀಕರನ್ನು ನಾನು ಚೇಟ್ಟಾ ಎಂದು ಕರೆಯುತ್ತೇನೆ, ಅವರು ನನ್ನನ್ನು ಸಾರೇ ಎನ್ನುತ್ತಾರೆ. ಈ ಚರ್ಚೆ ನಡೆದಾಗ ಅವರು ಕೇಳಿದರು: "ಸಾರೇ, ಆಲಪ್ಪುಳದಲ್ಲಿ ಇಷ್ಟೊಂದು ನಾರಿನ ಚಾಪೆ ಮಾಡುತ್ತಾರೆ, ಅದನ್ನೇ ಹಾಸಿದರೆ ಆಗದೇ?" ಪ್ರಶ್ನೆ ಪೆದ್ದಲ್ಲ. ತೆಂಗಿನ ನಾರು ಉಪ್ಪುನೀರಿಗೆ ಜಗ್ಗುವುದಿಲ್ಲ. ಹಡಗಿನ ಹಗ್ಗಗಳಿಗೆ ಅದನ್ನು ಶತಮಾನಗಳ ಕಾಲ ಬಳಸಿದ್ದು ಅದಕ್ಕೇ. ಬಿಡಿ ಚಾಪೆಯನ್ನು ಎತ್ತಿ ತೊಳೆದು ಒಣಗಿಸಲೂಬಹುದು. ಆದರೆ ಬಿಡಿ ಚಾಪೆ ತಾನೇ ಜಾರುತ್ತದೆ, ಅಂಟಿಸಿದ್ದು ಕಾರ್ಪೆಟ್ಟೇ ಆಗಿಬಿಡುತ್ತದೆ. ಚೇಟ್ಟನ್ ಕೊನೆಗೆ ಓಡಾಡುವ ದಾರಿಗೆ, ವಿಂಚಿನ ಸುತ್ತ ಮರಳು ಎರಚಿದ ಬಣ್ಣ ಬಳಿಸಿದರು. ಹಸಿ ಬಣ್ಣದ ಮೇಲೆ ಜರಡಿ ಹಿಡಿದ ಮರಳು, ಅದರ ಮೇಲೆ ಇನ್ನೊಂದು ಕೋಟು. ಮೀನು ಸುರಿಯುವ ಜಾಗವನ್ನು ನುಣುಪಾಗಿಯೇ ಬಿಟ್ಟರು.

ನುಣುಪಾಗಿ ಬಿಟ್ಟದ್ದಕ್ಕೆ ಕಾರಣ ಕಾನೂನು. 1997ರಲ್ಲಿ ಐರೋಪ್ಯ ಒಕ್ಕೂಟ ನೈರ್ಮಲ್ಯದ ಕಾರಣ ಕೊಟ್ಟು ಭಾರತದ ಮೀನನ್ನು ತಡೆಹಿಡಿಯಿತು. ಕೊಚ್ಚಿಯ ರಫ್ತುದಾರರು ಆ ಪೆಟ್ಟನ್ನು ಮರೆತಿಲ್ಲ. ಮೀನು ತಾಗುವ ಮೇಲ್ಮೈ ನುಣುಪಾಗಿರಬೇಕು, ಸುಲಭವಾಗಿ ತೊಳೆಯುವಂತಿರಬೇಕು ಎನ್ನುತ್ತವೆ ಅವರ ನಿಯಮಗಳು. ಮೀನು ಬಯಸುವುದೂ ಕಾಲು ಬಯಸುವುದೂ ತದ್ವಿರುದ್ಧ. ಮೀನಿನ ಪರವಾಗಿ ಮಾತಾಡಲು ಬ್ರಸೆಲ್ಸ್‌ನಲ್ಲಿ ಕೊಳ್ಳುವವನಿದ್ದ. ಕಾಲಿನ ಪರವಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2007ರಲ್ಲಿ ಮೀನುಗಾರಿಕೆ ಕೆಲಸದ ಒಡಂಬಡಿಕೆಯನ್ನು ಮಾಡಿತು, 188ನೆಯದು. ಅದು ಜಾರಿಗೆ ಬಂದದ್ದು 2017ರ ನವೆಂಬರ್ 16ರಂದು, ಓಖಿ ಚಂಡಮಾರುತ ಇದೇ ತೀರದ ಮೀನುಗಾರರನ್ನು ಕೊಂದೊಯ್ಯುವುದಕ್ಕೆ ಎರಡು ವಾರ ಮೊದಲು. ಅದನ್ನು ಅಂಗೀಕರಿಸಿದ ದೇಶಗಳಲ್ಲಿ ಭಾರತ ಇಲ್ಲ. ಓಖಿಯ ನಂತರ ಲೈಫ್ ಜಾಕೆಟ್, ಸಂಪರ್ಕ ಸಾಧನಗಳ ಮಾತು ಬಂತು, ಬರಲೇಬೇಕಿತ್ತು. ಮಾಮೂಲಿ ದಿನದಲ್ಲಿ ಜಾರುವ ಕಾಲಿನ ಮಾತು ಬರಲಿಲ್ಲ.

ಕೊಚ್ಚಿಯಿಂದ ಆಳಸಮುದ್ರಕ್ಕೆ ಹೋಗುವ ಬೋಟುಗಳಲ್ಲಿ ದುಡಿಯುವವರಲ್ಲಿ ಕನ್ಯಾಕುಮಾರಿ ಜಿಲ್ಲೆಯ ತೂತ್ತೂರು ಸುತ್ತಿನವರು ಬಹಳ. ನಮ್ಮ ಹಾಗೇ ಊರು ಬಿಟ್ಟು ಬಂದವರು, ನಮ್ಮ ಹಾಗೆ ತಿಂಗಳ ಸಂಬಳದವರಲ್ಲ. ಹಿಡಿದ ಮೀನು ಮಾರಿದ ಹಣದಲ್ಲಿ ಮೊದಲು ಡೀಸೆಲ್, ಐಸು, ಊಟದ ಖರ್ಚು ಕಳೆಯುತ್ತಾರೆ. ಉಳಿದದ್ದು ಮಾಲೀಕನಿಗೂ ಕೆಲಸಗಾರರಿಗೂ ಪಾಲು. ಡೆಕ್ಕಿನ ಬಣ್ಣ ಮಾಲೀಕನ ಪಾಲಿನ ಖರ್ಚು. ಜಾರಿ ಕೈ ಮುರಿದುಕೊಂಡು ಮುಂದಿನ ಟ್ರಿಪ್ಪಿಗೆ ಹೋಗದವನ ನಷ್ಟ ಹೆಚ್ಚಾಗಿ ಅವನದ್ದೇ. ಇನ್ನು ಎರಚಿದ ಮರಳು ಮೊದಲು ಸವೆಯುವುದು ಕಾಲು ಹೆಚ್ಚು ಬೀಳುವ ಕಡೆಯೇ: ವಿಂಚಿನ ಮುಂದೆ, ಅಡುಗೆ ಗೂಡಿನ ಬಾಗಿಲಲ್ಲಿ, ಬಲೆ ಎಳೆಯುವ ಅಂಚಿನಲ್ಲಿ. ಮತ್ತೆ ಬಳಿಯುವುದು ಮುಂದಿನ ಜೂನ್‌ನಲ್ಲಿ.