ಈಸೂರು ತೆತ್ತ ಬೆಲೆ



ಶರಣರು ನಮಗೆ ಕಲಿಸಿದ ಮೊದಲ ಪಾಠ ಕಾಯಕ. ದುಡಿಯದೆ ಉಣ್ಣುವುದು ಋಣವೆಂದೂ, ಆ ಋಣವನ್ನು ದಾಸೋಹದ ಮೂಲಕ ತೀರಿಸಬೇಕೆಂದೂ ಅವರು ತಿಳಿಸಿದರು. ಈ ಮಾತನ್ನು ನಾವು ಅನ್ನಕ್ಕೆ, ಹಣಕ್ಕೆ ಅನ್ವಯಿಸಿಕೊಳ್ಳುತ್ತೇವೆ. ನಾವು ನಿತ್ಯವೂ ಅನುಭವಿಸುತ್ತಿರುವ ಸ್ವಾತಂತ್ರ್ಯಕ್ಕೂ ಹಕ್ಕುಗಳಿಗೂ ಇದು ಅನ್ವಯಿಸುತ್ತದೆಯೆಂಬುದನ್ನು ಮಾತ್ರ ಮರೆಯುತ್ತೇವೆ. ಮತ ಹಾಕುವುದು, ಸಭೆ ಸೇರುವುದು, ಆಳುವವರನ್ನು ಪ್ರಶ್ನಿಸುವುದು, ತನಗೆ ಸರಿಕಂಡ ದೇವರನ್ನು ಪೂಜಿಸುವುದು ಇವೆಲ್ಲವೂ ಪಿತ್ರಾರ್ಜಿತ ಆಸ್ತಿಯಂತೆ ನಮ್ಮ ಕೈಗೆ ಬಂದಿವೆ. ಅವನ್ನು ಗಳಿಸಲು ಯಾರು ದುಡಿದರು, ಯಾರು ಯಾವ ಬೆಲೆ ತೆತ್ತರು ಎಂದು ಕೇಳಿಕೊಳ್ಳುವುದೂ ಒಂದು ಬಗೆಯ ಋಣಸಂದಾಯವೇ ಆಗಿದೆ. ಇಂದಿನ ಚಿಂತನೆಗೆ ನಮ್ಮ ನಾಡಿನದೇ ಆದ ಒಂದು ಪುಟ್ಟ ಹಳ್ಳಿಯ ಕಥೆಯನ್ನು ಆರಿಸಿಕೊಳ್ಳಲಾಗಿದೆ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕು ಶರಣರ ಸೀಮೆ. ಅಲ್ಲಮಪ್ರಭುಗಳ ಬಳ್ಳಿಗಾವಿ ಇರುವುದು ಇಲ್ಲಿಯೇ. ಅಕ್ಕಮಹಾದೇವಿಯ ಉಡುತಡಿ ಇರುವುದೂ ಇಲ್ಲಿಯೇ. ಅರಸನ ಅರಮನೆಯನ್ನು ತೊರೆದು ತನ್ನ ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಹೊರಟ ಆ ತಾಯಿ, ತನ್ನ ಆಯ್ಕೆಯ ಹಕ್ಕಿಗಾಗಿ ಮನೆ, ಬಂಧು, ಭದ್ರತೆ, ಲೋಕದ ಮರ್ಯಾದೆ ಎಲ್ಲವನ್ನೂ ಬೆಲೆಯಾಗಿ ಕೊಟ್ಟವಳು. ಅದೇ ಸೀಮೆಯ ಈಸೂರು ಎಂಬ ಗ್ರಾಮವು ಎಂಟು ಶತಮಾನಗಳ ತರುವಾಯ ಇನ್ನೊಂದು ಬಗೆಯ ಬೆಲೆಯನ್ನು ತೆರಬೇಕಾಯಿತು.

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಕಾಂಗ್ರೆಸ್ ಮಹಾಸಮಿತಿಯು 'ಭಾರತ ಬಿಟ್ಟು ತೊಲಗಿ' ನಿರ್ಣಯವನ್ನು ಅಂಗೀಕರಿಸಿತು. ಮರುದಿನ ಬೆಳಗಾಗುವಷ್ಟರಲ್ಲಿ ಗಾಂಧೀಜಿಯವರೂ ಇತರ ನಾಯಕರೂ ಬಂಧಿತರಾಗಿದ್ದರು. ನಾಯಕರಿಲ್ಲದ ಚಳುವಳಿಯನ್ನು ಹಳ್ಳಿಹಳ್ಳಿಯ ಜನರು ತಮಗೆ ತೋಚಿದಂತೆ ನಡೆಸತೊಡಗಿದರು. ಈಸೂರಿನ ಜನ ಆ ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿ, ವೀರಭದ್ರೇಶ್ವರ ದೇವಾಲಯದ ಮೇಲೆ ತ್ರಿವರ್ಣ ಧ್ವಜವನ್ನು ಏರಿಸಿದರು. ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದರು. ತಮ್ಮದೇ ಆದ ಸರ್ಕಾರವನ್ನು ರಚಿಸಿಕೊಂಡು, ಊರಿನ ಇಬ್ಬರು ಹುಡುಗರನ್ನು ಅಮಲ್ದಾರನೆಂದೂ ಸಬ್ ಇನ್ಸ್‌ಪೆಕ್ಟರನೆಂದೂ ನೇಮಿಸಿದರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಅವರ ಘೋಷಣೆ ಇಂದಿಗೂ ಕನ್ನಡಿಗರ ನಾಲಗೆಯ ಮೇಲಿದೆ.

ಹುಡುಗರನ್ನು ಅಧಿಕಾರಿಗಳನ್ನಾಗಿ ಮಾಡಿದ್ದು ಆಟದಂತೆ ತೋರಬಹುದು. ಆದರೆ ಅದರೊಳಗೊಂದು ಗಂಭೀರವಾದ ವಿಚಾರವಿತ್ತು. ಅಧಿಕಾರವು ಮೇಲಿನಿಂದ ಇಳಿದು ಬರುವುದಲ್ಲ, ಜನರು ಕೊಟ್ಟಾಗ ಮಾತ್ರ ಅದು ಅಧಿಕಾರವಾಗುತ್ತದೆಂಬ ತತ್ತ್ವವನ್ನು ಆ ರೈತಾಪಿ ಜನ ತಮ್ಮ ರೀತಿಯಲ್ಲಿ ಆಡಿ ತೋರಿಸಿದ್ದರು.

ಮುಂದೆ ನಡೆದುದು ದಾರುಣ. ಅಮಲ್ದಾರ ಚೆನ್ನಕೃಷ್ಣಪ್ಪನವರೂ ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡರೂ ಪೊಲೀಸರೊಡನೆ ಊರಿಗೆ ಬಂದರು. ಗಾಂಧಿ ಟೋಪಿ ಧರಿಸಿ ಒಳಗೆ ಬನ್ನಿರೆಂದು ಊರವರು ಹಟ ಹಿಡಿದರು. ಮಾತಿಗೆ ಮಾತು ಬೆಳೆದು ಘರ್ಷಣೆಯಾಯಿತು. ಉದ್ರಿಕ್ತ ಗುಂಪಿನ ಕೈಯಲ್ಲಿ ಆ ಇಬ್ಬರೂ ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಸುದ್ದಿ ತಲುಪಿದೊಡನೆ ಸರ್ಕಾರದ ಪಡೆಗಳು ಈಸೂರಿಗೆ ನುಗ್ಗಿದವು. ಮನೆಗಳು ಲೂಟಿಯಾದವು, ಬೆಂಕಿಗೆ ಆಹುತಿಯಾದವು. ಗಂಡಸರು, ಹೆಂಗಸರು, ಮಕ್ಕಳು ಕಾಡು ಸೇರಿದರು. ಹಲವರು ಬಂಧಿತರಾಗಿ ವಿಚಾರಣೆಗೆ ಗುರಿಯಾದರು. ಜೀವಾವಧಿ ಶಿಕ್ಷೆಗೆ ಒಳಗಾದವರಲ್ಲಿ ಮಹಿಳೆಯರೂ ಇದ್ದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

ಆ ಐವರಿಗೆ ನಾವು ತಲೆಬಾಗುತ್ತೇವೆ. ಹಾಗೆ ತಲೆಬಾಗುವಾಗ ಲೆಕ್ಕವನ್ನು ಪೂರ್ಣವಾಗಿ ಬರೆಯುವುದು ನಮ್ಮ ಧರ್ಮ. ಈಸೂರು ತೆತ್ತ ಬೆಲೆಯಲ್ಲಿ ಗಲ್ಲಿಗೇರಿದ ಐವರ ಪ್ರಾಣವಿದೆ, ಸುಟ್ಟ ಮನೆಗಳಿವೆ, ಸೆರೆಮನೆಯಲ್ಲಿ ಕಳೆದ ವರ್ಷಗಳಿವೆ, ತಂದೆಯಿಲ್ಲದೆ ಬೆಳೆದ ಮಕ್ಕಳಿದ್ದಾರೆ. ಅದೇ ಪಟ್ಟಿಯಲ್ಲಿ ಆ ಇಬ್ಬರು ಅಧಿಕಾರಿಗಳ ಪ್ರಾಣವೂ ಇದೆ. ಅವರೂ ಕನ್ನಡ ತಾಯಂದಿರ ಮಕ್ಕಳು. ಸಂಬಳಕ್ಕಾಗಿ ದುಡಿಯುತ್ತಿದ್ದವರು, ಮನೆಯಲ್ಲಿ ಯಾರೋ ದಾರಿ ಕಾಯುತ್ತಿದ್ದವರು. ಅವರನ್ನು ಆ ಊರಿನ ಬಾಗಿಲಿಗೆ ಕಳುಹಿಸಿದ ಆಡಳಿತವು ದೂರದಲ್ಲಿ ಸುರಕ್ಷಿತವಾಗಿತ್ತು. ದಯೆಯನ್ನು ಧರ್ಮದ ತಾಯಿಬೇರೆಂದು ತಿಳಿದ ಬಸವಣ್ಣನವರ ಅನುಯಾಯಿಗಳು ಈ ಎರಡು ಸಾವುಗಳನ್ನು ಲೆಕ್ಕದಿಂದ ಬಿಟ್ಟುಬಿಡಲಾಗದು.

ಹೀಗೆ ಯೋಚಿಸುವಾಗ ನಮ್ಮ ಮನಸ್ಸು ಸಹಜವಾಗಿ ಕಲ್ಯಾಣದ ಕಡೆಗೆ ಹರಿಯುತ್ತದೆ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ನಡೆದ ವಿವಾಹವನ್ನು ಬಿಜ್ಜಳನ ಆಸ್ಥಾನವು ಅಪರಾಧವೆಂದು ತೀರ್ಮಾನಿಸಿತು. ಅನುಭವಮಂಟಪದ ಒಳಗೆ ಒಪ್ಪಿತವಾಗಿದ್ದ ಸಮಾನತೆಯು ಬೀದಿಗೆ ಬಂದಾಗ ಅದಕ್ಕೆ ಬೆಲೆ ಕಟ್ಟಬೇಕಾಯಿತು. ಹರಳಯ್ಯ, ಮಧುವರಸರು ಎಳೆಹೂಟೆ ಶಿಕ್ಷೆಗೆ ಗುರಿಯಾದರೆಂದು ಪರಂಪರೆ ನೆನೆಯುತ್ತದೆ. ಬಳಿಕ ಬಿಜ್ಜಳನ ಹತ್ಯೆಯಾಯಿತು. ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚೆನ್ನಬಸವಣ್ಣನವರೂ ಅಕ್ಕನಾಗಮ್ಮನವರೂ ವಚನದ ಕಟ್ಟುಗಳನ್ನು ಉಳಿಸಿಕೊಂಡು ಉಳವಿಯ ಕಾಡಿನ ದಾರಿ ಹಿಡಿದರು. ಅಲ್ಲಿಯೂ ಶರಣರ ರಕ್ತ ಹರಿಯಿತು, ಅರಸನ ರಕ್ತವೂ ಹರಿಯಿತು. ಬಸವಣ್ಣನವರು ಅರಸನ ಸಾವನ್ನು ಬಯಸಿದವರಲ್ಲ. ಅವರು ಅದಾಗಲೇ ಕೂಡಲಸಂಗಮದತ್ತ ನಡೆದಿದ್ದರೆಂದು ಪರಂಪರೆ ಹೇಳುತ್ತದೆ.

ಕಲ್ಯಾಣವನ್ನೂ ಈಸೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸತ್ಯ ಕಾಣಿಸುತ್ತದೆ. ಮಾತಿನ ಬಾಗಿಲು ತೆರೆದಿರುವ ತನಕ ಸ್ವಾತಂತ್ರ್ಯದ ಬೆಲೆಯನ್ನು ಸಮಯದಲ್ಲಿ, ಸಹನೆಯಲ್ಲಿ, ವಾದವಿವಾದದ ದಣಿವಿನಲ್ಲಿ ತೆರಬಹುದು. ಆ ಬಾಗಿಲು ಮುಚ್ಚಿದ ದಿನದಿಂದ ಬೆಲೆಯನ್ನು ರಕ್ತದಲ್ಲಿ ಕೇಳಲಾಗುತ್ತದೆ. ಅನುಭವಮಂಟಪವೆಂದರೆ ಮಾತಿನ ಬಾಗಿಲು. ಅಲ್ಲಿ ಕುಲ ಕೇಳಲಿಲ್ಲ, ಲಿಂಗಭೇದ ಕೇಳಲಿಲ್ಲ. ಅನುಭಾವವನ್ನು ಮಾತ್ರ ಕೇಳಿದರು. ಅರಮನೆಯು ಆ ಮಾತಿಗೆ ಕಿವಿಗೊಟ್ಟಿದ್ದರೆ ಕಲ್ಯಾಣದ ಬೀದಿಗಳಿಗೆ ಆ ಗತಿ ಬರುತ್ತಿರಲಿಲ್ಲ.

ಈಸೂರು ಮೈಸೂರು ಸಂಸ್ಥಾನಕ್ಕೆ ಸೇರಿದ ಊರು. ಈ ಸಂಸ್ಥಾನವು ದೇಶಕ್ಕೇ ಮಾದರಿಯೆನಿಸಿತ್ತು. 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ, 1907ರಲ್ಲಿ ನ್ಯಾಯವಿಧಾಯಕ ಸಭೆ ಇಲ್ಲಿ ಸ್ಥಾಪನೆಯಾಗಿದ್ದವು. ಪ್ರತಿನಿಧಿಗಳು ಅಹವಾಲು ಹೇಳಿಕೊಳ್ಳಬಹುದಿತ್ತು, ಸಲಹೆ ಕೊಡಬಹುದಿತ್ತು. ಆದರೆ ಸರ್ಕಾರವು ಅವರಿಗೆ ಉತ್ತರದಾಯಿಯಾಗಿರಲಿಲ್ಲ. ಮಂಟಪವಿತ್ತು, ಅದರ ಮಾತು ನಡೆಯುತ್ತಿರಲಿಲ್ಲ. ಕೈಗಾರಿಕೆ, ವಿದ್ಯುತ್ತು, ಶಿಕ್ಷಣಗಳಲ್ಲಿ ಮುಂದಿದ್ದ ಸಂಸ್ಥಾನವು ಜವಾಬ್ದಾರಿ ಸರ್ಕಾರವೆಂಬ ಬೇಡಿಕೆಯನ್ನು ಮಾತ್ರ ವರ್ಷದಿಂದ ವರ್ಷಕ್ಕೆ ಮುಂದೂಡುತ್ತ ಬಂದಿತು.

ಹೀಗೆ ಮುಂದೂಡಿದುದರ ಬೆಲೆ 1938ರಲ್ಲಿ ಮೊದಲ ಸಲ ಕಣ್ಣಿಗೆ ರಾಚಿತು. ಆ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ ಧ್ವಜವನ್ನು ಹಾರಿಸಿದ ನಾಯಕರನ್ನು ಬಂಧಿಸಲಾಯಿತು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಹೇಳಿದ ಸಾವಿನ ಸಂಖ್ಯೆ ಒಂದು, ಜನರು ಎಣಿಸಿದ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು. ಅದಾದ ಕೆಲವೇ ದಿನಗಳಲ್ಲಿ ಸರ್ದಾರ್ ಪಟೇಲರೂ ದಿವಾನ್ ಮಿರ್ಜಾ ಇಸ್ಮಾಯಿಲ್ಲರೂ ಮಾತುಕತೆ ನಡೆಸಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದಕ್ಕೆ ಬಂದರು. ಬಂಧುಗಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಹೆಣಗಳು ಉರುಳಿದ ಮೇಲೆ ಕೊಡಲು ಸಾಧ್ಯವಾದ ಹಕ್ಕನ್ನು ಅದಕ್ಕೆ ಮುಂಚೆ ಕೊಡಲು ಅಡ್ಡಿ ಏನಿತ್ತು? ಬಟ್ಟೆಯೊಂದನ್ನು ಕಂಬಕ್ಕೆ ಕಟ್ಟುವ ಹಕ್ಕಿಗೆ ಅಷ್ಟು ಬೆಲೆಯನ್ನು ಕಟ್ಟಿದವರು ಯಾರು? ಬೆಲೆ ನಿಗದಿ ಮಾಡುವವರು ಬಹುಮಟ್ಟಿಗೆ ಆಳುವವರೇ. ತೆರುವವರು ಮಾತ್ರ ಬೇರೆಯವರು.

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗಲೂ ಮೈಸೂರಿನ ಪ್ರಜೆಗಳಿಗೆ ಜವಾಬ್ದಾರಿ ಸರ್ಕಾರ ದೊರೆತಿರಲಿಲ್ಲ. ಸೆಪ್ಟೆಂಬರ್ 1ರಿಂದ 'ಮೈಸೂರು ಚಲೋ' ಚಳುವಳಿ ಆರಂಭವಾಯಿತು. ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅಲ್ಲಿನ ವೃತ್ತವೊಂದು ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಅಕ್ಟೋಬರಿನಲ್ಲಿ ಮಹಾರಾಜರು ಬೇಡಿಕೆಯನ್ನು ಒಪ್ಪಿದರು, ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜನತೆಯ ಸರ್ಕಾರ ರಚನೆಯಾಯಿತು. ಈಸೂರಿನವರು ತಮ್ಮ ಊರಿನ ಮಟ್ಟಿಗೆ ಕೇಳಿದ್ದುದು ಐದು ವರ್ಷಗಳ ಬಳಿಕ ಇಡೀ ಸಂಸ್ಥಾನಕ್ಕೆ ದೊರೆಯಿತು. ಗಲ್ಲಿಗೇರಿದ ಐವರು ಅದನ್ನು ನೋಡಲು ಉಳಿದಿರಲಿಲ್ಲ. ಬೆಲೆ ತೆರುವವನ ಕೈಗೆ ಸರಕು ಸೇರುವುದು ಅಪರೂಪ. ಸ್ವಾತಂತ್ರ್ಯದ ವ್ಯಾಪಾರದಲ್ಲಿ ಇದು ಎಲ್ಲಕ್ಕಿಂತ ಕಠಿಣವಾದ ಸಂಗತಿ. ಆದುದರಿಂದಲೇ ಅದನ್ನು ವ್ಯಾಪಾರವೆನ್ನದೆ ದಾಸೋಹವೆಂದು ಕರೆಯುವುದು ಉಚಿತ.

ಇನ್ನು, ಒಮ್ಮೆ ತೆತ್ತ ಬೆಲೆ ಎಂದೆಂದಿಗೂ ಸಾಕಾಗುವುದೇ? ಈಸೂರಿನ ಐವರು ಪ್ರಾಣಬಿಟ್ಟ ಆ ಬೆಂಗಳೂರಿನ ಜೈಲೇ ಇದಕ್ಕೆ ಉತ್ತರ ಹೇಳುತ್ತದೆ. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾದಾಗ ಅದೇ ಗೋಡೆಗಳ ಹಿಂದೆ ಸ್ವತಂತ್ರ ಭಾರತದ ಪ್ರಜೆಗಳು ಸೆರೆಯಾದರು. 'ಸಂಸ್ಕಾರ' ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಆಸ್ತಮಾ ರೋಗದಿಂದ ನರಳುತ್ತ ಅಲ್ಲಿ ತಿಂಗಳುಗಟ್ಟಲೆ ಬಂಧನದಲ್ಲಿದ್ದರು. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಳುವವರು ಪರಕೀಯರಲ್ಲ, ನಾವೇ ಆರಿಸಿ ಕಳುಹಿಸಿದವರು; ಆದರೂ ಮಾತಿನ ಬಾಗಿಲು ಮುಚ್ಚಿತ್ತು, ಬೆಲೆ ಪ್ರಾಣದಲ್ಲಿಯೇ ಸಂದಾಯವಾಯಿತು.

ಆ ಕಾಲದಲ್ಲಿ ಇನ್ನೊಂದು ಬಗೆಯ ಬೆಲೆ ತೆತ್ತವರೂ ಇದ್ದರು. ಬಂಧಿತರು ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲಿ ಕಳೆದುಕೊಂಡಿರುತ್ತಾರೆಂದು 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತರು. ಒಪ್ಪದೆ ಉಳಿದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರನ್ನು ದಾಟಿ ಅವರಿಗಿಂತ ಕಿರಿಯರಿಗೆ ಹೋಯಿತು. ಅವರು ರಾಜೀನಾಮೆ ಕೊಟ್ಟು ಹೊರನಡೆದರು. 1978ರಲ್ಲಿ ಸಂವಿಧಾನದ 44ನೆಯ ತಿದ್ದುಪಡಿಯು, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯದ ಮೊರೆಹೋಗುವುದನ್ನು ತುರ್ತುಪರಿಸ್ಥಿತಿಯಲ್ಲಿಯೂ ತಡೆಯುವಂತಿಲ್ಲವೆಂದು ವಿಧಿಸಿತು. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯವು ಆ ಹಳೆಯ ತೀರ್ಪನ್ನೇ ತಳ್ಳಿಹಾಕಿತು. ಆ ಮೊಕದ್ದಮೆಯನ್ನು ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಒಂಟಿಯಾಗಿ ಆಡಿದ ಸತ್ಯದ ಮಾತು ನಾಲ್ಕು ದಶಕಗಳ ಬಳಿಕ ನೆಲದ ಕಾನೂನಾಯಿತು.

ಆ ಸೆಂಟ್ರಲ್ ಜೈಲು ಈಗ ಇಲ್ಲ. ಅದರ ನೆಲದಲ್ಲಿ 'ಫ್ರೀಡಂ ಪಾರ್ಕ್' ಎದ್ದಿದೆ. ರೈತರು, ಕಾರ್ಮಿಕರು, ಅಂಗನವಾಡಿ ತಾಯಂದಿರು, ವಿದ್ಯಾರ್ಥಿಗಳು ತಮ್ಮ ಬೇಡಿಕೆಗಳನ್ನು ಹೊತ್ತು ಬಂದು ಕೂರುವ ಜಾಗ ಅದು. ಗಲ್ಲುಗಂಬವಿದ್ದ ನೆಲದಲ್ಲಿ ಇಂದು ಜನರ ಮಾತು ಕೇಳಿಸುತ್ತದೆ. ಅಲ್ಲಿನ ಪ್ರತಿಭಟನೆಗಳಿಂದ ರಸ್ತೆಯಲ್ಲಿ ಅರ್ಧ ಗಂಟೆ ತಡವಾದರೆ ನಾವು ಗೊಣಗುತ್ತೇವೆ. ಆ ಅರ್ಧ ಗಂಟೆಯೇ ಸ್ವಾತಂತ್ರ್ಯಕ್ಕೆ ನಾವು ಇಂದು ತೆರುತ್ತಿರುವ ಬೆಲೆ. ಈಸೂರು ತೆತ್ತುದರ ಮುಂದೆ ಅದು ಎಷ್ಟು ಅಲ್ಪ! ಆ ಅಲ್ಪ ಬೆಲೆಯನ್ನೂ ತೆರಲು ಒಪ್ಪದ ಸಮಾಜವು ಮುಂದೊಂದು ದಿನ ದೊಡ್ಡ ಬೆಲೆಯನ್ನು ಕೊಡಬೇಕಾಗುತ್ತದೆಂದು ಕಲ್ಯಾಣದ ಬೀದಿಗಳು ಎಚ್ಚರಿಸುತ್ತಿವೆ.

ಆದುದರಿಂದ ಭಕ್ತರು ಈ ಚಿಂತನೆಯನ್ನು ತಮ್ಮ ಮನೆಯಿಂದಲೇ ಆಚರಣೆಗೆ ತರಬೇಕು. ಮನೆಯಲ್ಲಿ ಮಗಳು ತನ್ನ ಮದುವೆಯ ಬಗೆಗೆ, ಓದಿನ ಬಗೆಗೆ ಆಡುವ ಮಾತಿಗೆ ಬಾಗಿಲು ತೆರೆದಿದೆಯೇ? ಊರಿನ ಸಭೆಯಲ್ಲಿ ದಲಿತ ಬಂಧು ಎದ್ದು ನಿಂತು ಮಾತನಾಡಿದರೆ ನಮ್ಮ ಕಿವಿ ತೆರೆದಿರುತ್ತದೆಯೇ? ಹರಳಯ್ಯನವರ ಹೆಸರನ್ನು ಪೂಜೆಯಲ್ಲಿ ನೆನೆದು, ಅದೇ ಬಗೆಯ ಮದುವೆ ನೆರೆಮನೆಯಲ್ಲಿ ನಡೆದಾಗ ಮುಖ ತಿರುಗಿಸಿದರೆ, ಆ ಶರಣರು ತೆತ್ತ ಬೆಲೆಯನ್ನು ನಾವು ವ್ಯರ್ಥಗೊಳಿಸಿದಂತಾಗುತ್ತದೆ. ಸಂವಿಧಾನವು ಹಕ್ಕನ್ನು ಬರೆದು ಕೊಟ್ಟಿದೆ. ಅದನ್ನು ಇನ್ನೊಬ್ಬರಿಗೆ ಸಲ್ಲಿಸುವ ಕಾಯಕ ನಮ್ಮದು.

ಈಸೂರಿನಲ್ಲಿ ಹುತಾತ್ಮರ ಸ್ಮಾರಕವಿದೆ. ಬಳ್ಳಿಗಾವಿಗೂ ಉಡುತಡಿಗೂ ಯಾತ್ರೆ ಹೋಗುವ ಭಕ್ತರು ಆ ಊರಿಗೂ ಹೋಗಿ ಒಂದು ಕ್ಷಣ ನಿಂತು ಬರಲಿ. ಅಲ್ಲಿ ಐವರನ್ನು ನೆನೆಯುವಾಗ, ಆ ದಿನ ಮನೆಗೆ ಮರಳದ ಇನ್ನಿಬ್ಬರನ್ನೂ ನೆನೆಯಲಿ. ಯಾರ ಮಕ್ಕಳೂ ಇನ್ನು ಆ ಬೆಲೆ ತೆರುವಂತಾಗದಿರಲಿ ಎಂದು ಬಸವಾದಿ ಶರಣರಲ್ಲಿ ಪ್ರಾರ್ಥಿಸೋಣ.